ಹದಿನಾಲ್ಕನೆಯ ಪ್ರಶ್ನೆ

ಈ ಕಥೆಯಲ್ಲಿ ನಾನು ಒಳ್ಳೆಯವಳಂತೆ ಕಾಣುವ ಜಾಗಗಳು ಒಂದೆರಡು ಬರುತ್ತವೆ. ದಯವಿಟ್ಟು ಅವನ್ನು ನಂಬಬೇಡಿ. ನಾನು ಹೆಚ್ಚು ಕೆಟ್ಟವಳಾಗಿದ್ದದ್ದು ಅಲ್ಲಿಯೇ.

ನನ್ನ ಹೆಸರು ಅಂಜನಾ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಸೀರೆ ಅಂಗಡಿಯ ಮೇಲೆ ನನ್ನ ಆಫೀಸಿದೆ. ಸಂಘ ಸಂಸ್ಥೆಗಳು ಜನರಿಗೆಂದು ನಡೆಸುವ ಯೋಜನೆಗಳಿಂದ ಜನರಿಗೆ ನಿಜವಾಗಿ ಏನಾಯಿತು ಎಂದು ಊರೂರು ತಿರುಗಿ ಕೇಳಿ, ವರದಿ ಬರೆದು ಕೊಡುವುದು ನನ್ನ ಕೆಲಸ. ಮೌಲ್ಯಮಾಪನ ಎಂದು ಇದಕ್ಕೊಂದು ಗಂಭೀರವಾದ ಹೆಸರಿದೆ. ಇದರ ಮುಖ್ಯ ತೊಡಕು ಏನೆಂದರೆ, ನಮ್ಮನ್ನು ಕರೆಸುವವರೇ ಯೋಜನೆ ನಡೆಸುವವರು. ಅವರ ಕುರ್ಚಿಯಲ್ಲೇ ಕೂತು, ಅವರ ಚಹಾ ಕುಡಿದು, ಅವರ ತಪ್ಪನ್ನು ಅವರಿಗೇ ಹೇಳಬೇಕು. ವರ್ಷಕ್ಕೊಮ್ಮೆ ಕಾಲೇಜಿನ ಹುಡುಗರಿಗೆ ಈ ವಿಷಯದ ಮೇಲೆ ಪಾಠ ಹೇಳಲು ನನ್ನನ್ನು ಕರೆಯುತ್ತಾರೆ. "ಯಾರು ಕರೆಸಿದರೂ ಸರಿ, ಪ್ರಶ್ನೆ ಮಾತ್ರ ನಿಮ್ಮದಾಗಿರಬೇಕು" ಎಂದು ನಾನು ಬೆರಳೆತ್ತಿ ಹೇಳುತ್ತೇನೆ. ಪಾಪ, ಅವರು ಬರೆದುಕೊಳ್ಳುತ್ತಾರೆ.

ಈಗ ಹೇಳಹೊರಟಿರುವುದು ಅಣವೀರಪ್ಪ ಸಾಹುಕಾರರ ಟ್ರಸ್ಟಿನ ಕೆಲಸದ ಬಗ್ಗೆ. ಸಾಹುಕಾರರು ತೊಗರಿ ಬೇಳೆಯ ಹಳೆಯ ವ್ಯಾಪಾರಿ, ಎಂಬತ್ತು ದಾಟಿದವರು. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುತ್ತಾರಲ್ಲ, ಗೊನೆ ಕಡಿದ ಮೇಲೆ ಆ ಗಿಡ ತಿಪ್ಪೆಗೆ ಹೋಗುತ್ತದೆ. ಅದರ ಪಟ್ಟೆಯಿಂದ ಯಂತ್ರದಲ್ಲಿ ನಾರು ತೆಗೆದು, ಚೀಲ, ಚಾಪೆ ಹೆಣೆಯಲು ನಲವತ್ತು ಹೆಣ್ಣುಮಕ್ಕಳಿಗೆ ಕಲಿಸುವ ಒಂದು ಕೇಂದ್ರವನ್ನು ಟ್ರಸ್ಟು ಎರಡು ವರ್ಷದ ಹಿಂದೆ ತೆರೆದಿತ್ತು. ಮೌಲ್ಯಮಾಪನ ಚೆನ್ನಾಗಿ ಬಂದರೆ ಇಂಥವೇ ಇನ್ನೂ ಐದು ಕೇಂದ್ರ, ಮೊದಲನೆಯದು ಶರಣಸಿರಸಗಿಯಲ್ಲಿ.

ನನ್ನ ಮೌಲ್ಯಮಾಪನದ ರೂಪರೇಷೆಗೆ ಒಪ್ಪಿಗೆ ಪಡೆಯಲು ಕೋಟೆಯ ಹತ್ತಿರವಿರುವ ಟ್ರಸ್ಟಿನ ಆಫೀಸಿಗೆ ಹೋದೆ. ಕಾರ್ಯದರ್ಶಿ ಗುರುಲಿಂಗಪ್ಪನವರು ನಿವೃತ್ತ ಹೆಡ್‌ಮಾಸ್ತರು. ಮೆತ್ತನೆಯ ದನಿ. ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇಡೀ ಜಿಲ್ಲಾದಾಗ ಇಷ್ಟು ನಿಯತ್ತಿನ ಹೆಣ್ಣಮಗಳು ಇನ್ನೊಬ್ಬಾಕಿ ಇಲ್ರಿ" ಅನ್ನುತ್ತಿದ್ದರು. ನಾನು ತಲೆ ತಗ್ಗಿಸಿ ನಗುತ್ತಿದ್ದೆ. ಇನ್ನೊಂದು ಸಲ ಹೇಳಲಿ ಎಂದು ಒಳಗೊಳಗೇ ಆಸೆಯಾಗುತ್ತಿತ್ತು.

ನನ್ನ ಇಪ್ಪತ್ತೆರಡು ಪ್ರಶ್ನೆಗಳನ್ನು ಅವರು ಪರೀಕ್ಷೆಯ ಪೇಪರು ತಿದ್ದುವಂತೆ ಒಂದೊಂದಾಗಿ ಓದಿದರು. ಹದಿನಾಲ್ಕಕ್ಕೆ ಬಂದು ನಿಂತರು. "ಕೇಂದ್ರದಲ್ಲಿ ಕೆಲಸ ಮಾಡುವಾಗ ನಿಮಗಾಗಲಿ ಬೇರೆಯವರಿಗಾಗಲಿ ಪೆಟ್ಟಾಗಿದೆಯೇ? ಆಗಿದ್ದರೆ ಹೇಗೆ?" ಎಂಬುದು ಆ ಪ್ರಶ್ನೆ.

"ಇದೊಂದು ಬ್ಯಾಡ್ರಿ ಮೇಡಂ."

"ಯಾಕ್ರಿ ಸರ?"

"ನಿಮ್ಮ ಮುಂದ ಮುಚ್ಚಿಡೋದೇನದರಿ. ಏಳು ತಿಂಗಳ ಹಿಂದ ಬಂಡೆಮ್ಮ ಅಂತ ಒಬ್ಬಾಕಿ ಕೈ ಮಷಿನ್ಯಾಗ ಸಿಕ್ಕಿತ್ತು. ದವಾಖಾನಿಗಿ ನಾವೇ ಒಯ್ದೀವಿ, ನಾವೇ ನೋಡ್ಕೊಂಡೀವಿ. ಎಲ್ಲಾ ಬಗೆಹರದದ. ಈಗ ಅದನ್ನ ಮತ್ತ ಕೆದಕಿದ್ರ ಉಳದ ಹೆಣ್ಣಮಕ್ಕಳು ಅಂಜಿ ಕೆಲಸ ಬಿಡ್ತಾರ. ನಲವತ್ತು ಮನಿ ಒಲಿ ಅದರ ಮ್ಯಾಲ ಉರೀಲಾಕತ್ಯಾವ್ರಿ."

"ಪೆಟ್ಟು ಎಲ್ಲಿ ಆಗಿತ್ರಿ?"

"ಬೆರಳಿಗಿ."

ಯಾವ ಬೆರಳು, ಎಷ್ಟು ಪೆಟ್ಟು, ಯಂತ್ರಕ್ಕೆ ಏನಾಗಿತ್ತು, ಈಗ ಸರಿಯಾಗಿದೆಯೇ. ಕೇಳುವುದೇ ನನ್ನ ಅನ್ನ. ಆದರೂ ಒಂದನ್ನೂ ಕೇಳಲಿಲ್ಲ.

"ನೀವು ನಮ್ಮ ಮಗಳಿದ್ದಂಗ ಅಂತ ಹೇಳ್ತೀನಿ" ಎಂದರು ಗುರುಲಿಂಗಪ್ಪನವರು. "ಶರಣಸಿರಸಗಿದೂ ಪ್ಲ್ಯಾನು ನೀವೇ ಮಾಡಬೇಕಂತ ಸಾಹುಕಾರ್ರ ಮುಂದ ಆಗಲೇ ಮಾತು ತಗದೀನಿ."

ತಮ್ಮ ಪೆನ್ನನ್ನು ನನ್ನ ಕಡೆ ಚಾಚಿದರು. ನಾನು ಅದನ್ನು ತೆಗೆದುಕೊಳ್ಳದೆ ನನ್ನ ಪೆನ್ನಿನಿಂದಲೇ ಹದಿನಾಲ್ಕರ ಮೇಲೆ ಗೀಟು ಎಳೆದೆ. ನೊಂದವರ ಗಾಯ ಕೆದಕಬಾರದು ಎಂಬ ನಿಯಮ ನಮ್ಮ ಪುಸ್ತಕಗಳಲ್ಲಿ ಇದ್ದೇ ಇದೆ. ಮೆಟ್ಟಿಲು ಇಳಿಯುವಷ್ಟರಲ್ಲಿ ಅದನ್ನು ನೆನಪಿಸಿಕೊಂಡು ಸಮಾಧಾನವನ್ನೂ ಮಾಡಿಕೊಂಡೆ. ಇಂಥ ಹೊತ್ತಿನಲ್ಲಿ ಓದಿದವರಿಗೆ ಬಹಳ ಅನುಕೂಲ.

ಆಫೀಸಿನಲ್ಲಿ ಫುರ್ಕಾನ್ ಇದ್ದ. ನನ್ನ ಜೊತೆ ಆರು ವರ್ಷದಿಂದ ಕೆಲಸ ಮಾಡುವವನು, ಮಾತು ಕಡಿಮೆ, ಅಂಕಿ ಅಂಶಗಳೆಲ್ಲ ಅವನದೇ ಜವಾಬ್ದಾರಿ. ಗೀಟು ನೋಡಿ, "ಇದ್ಯಾಕ ತಗದ್ರಿ ಮೇಡಂ?" ಎಂದ.

"ಡಬಲ್ ಆಗಿತ್ತು. ಹದಿಮೂರರಾಗೇ ಬಂದುಬಿಡ್ತದ."

ಹದಿಮೂರನೆಯದು ಕುಡಿಯುವ ನೀರು, ಶೌಚಾಲಯದ ಪ್ರಶ್ನೆ. ಅವನು ಹದಿಮೂರನ್ನು ಓದಿದ, ನನ್ನ ಮುಖ ನೋಡಿದ, ಕಂಪ್ಯೂಟರಿನಲ್ಲಿ ಹದಿನಾಲ್ಕನ್ನು ಅಳಿಸಿದ. ಕಡೆಗೆ ಇಪ್ಪತ್ತೊಂದು ಪ್ರಶ್ನೆಗಳು ಉಳಿದವು.

ಮುಂದಿನ ವಾರ ನಾವಿಬ್ಬರೂ ಕಮಲಾಪುರಕ್ಕೆ ಹೋದೆವು. ಬಾಳೆ ತೋಟಕ್ಕೆ ಹತ್ತಿಕೊಂಡು ತಗಡಿನ ಶೆಡ್ಡು, ಅದೇ ಕೇಂದ್ರ. ನಾವು ಬರುವುದಿದೆ ಎಂದು ಅಂದು ಯಂತ್ರ ನಿಲ್ಲಿಸಿದ್ದರು. ಕೇಂದ್ರ ನೋಡಿಕೊಳ್ಳುವ ಭಾಗಮ್ಮ ಮೂವತ್ತು ಹೆಸರಿನ ಪಟ್ಟಿ ಕೊಟ್ಟಳು. ಆ ಪಟ್ಟಿಯನ್ನೂ ನಾವೇ ಚೀಟಿ ಎತ್ತಿ ಮಾಡಬೇಕಿತ್ತು, ನನ್ನ ಪ್ಲ್ಯಾನಿನಲ್ಲಿ ಹಾಗೆಂದೇ ಬರೆದಿದ್ದೆ. ಆದರೆ ಒಂದು ಕಡೆ ಸಡಿಲ ಬಿಟ್ಟವಳಿಗೆ ಇನ್ನೊಂದು ಕಡೆ ಬಿಗಿ ಹಿಡಿಯಲು ಮುಖವೆಲ್ಲಿ? ಇರಲಿ ಎಂದು ತೆಗೆದುಕೊಂಡೆ. ಒಂದು ಮೂಲೆಯಲ್ಲಿ ಕಬ್ಬಿಣದ ಎಂಥದೋ ಡೊಂಕು ತಗಡು ಬಿದ್ದಿತ್ತು. ನನ್ನ ಬ್ಯಾಗನ್ನು ಅದರ ಮೇಲಿಟ್ಟು ಕೆಲಸ ಶುರುಮಾಡಿದೆ.

ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು. ಕಲಿಸಿದ್ದು ತಿಳಿಯಿತೇ? ತಿಳೀತ್ರಿ. ಮನೆಯಲ್ಲಿ ಬೆಲೆ ಸಿಕ್ಕಿತೇ? ಸಿಕ್ಕದ್ರಿ. ಎಲ್ಲರೂ ಒಂದೇ ಶಾಲೆಯಲ್ಲಿ ಕಂಠಪಾಠ ಮಾಡಿದವರಂತೆ ಉತ್ತರಿಸಿದರು. ಸಂಜೆ ನಾಲ್ಕಕ್ಕೆ ಪಟ್ಟಿ ಮುಗಿಯಿತು. ಬೆಳಗಿನಿಂದ ಬಾಗಿಲ ಬಳಿ ಸೆರಗು ಹೊದ್ದು ಕೂತಿದ್ದ ಒಬ್ಬ ಹೆಂಗಸು ಆಗ ಎದ್ದು ಬಂದಳು. ನಲವತ್ತೆಂಟು, ಐವತ್ತರ ವಯಸ್ಸು.

"ನನ್ನೂ ಕೇಳ್ರಿ ತಂಗೀ."

"ಆಕಿ ಲಿಸ್ಟಿನ್ಯಾಗ ಇಲ್ರಿ" ಎಂದು ಭಾಗಮ್ಮ ಅವಸರದಲ್ಲಿ ಅಂದಳು. "ಕೆಲಸ ಬಿಟ್ಟು ಭಾಳ ದಿನ ಆಯ್ತು."

"ಬಿಟ್ಟೀನಿ ಖರೆ, ಬೆಳಿಗ್ಗಿಂದ ಕುಂತೀನಿ" ಎಂದಳು ಆ ಹೆಂಗಸು.

ಇಷ್ಟು ಹೊತ್ತು ಕೂತವಳನ್ನು ಹೇಗೆ ಕಳಿಸುವುದು? ಕೂರಿಸಿದೆ. ನಮ್ಮ ಪದ್ಧತಿಯಂತೆ ಮೊದಲು ಒಪ್ಪಿಗೆ ಪತ್ರ ಓದಿದೆ. ನಿಮ್ಮ ಹೆಸರು ಹೊರಗೆ ಹೇಳುವುದಿಲ್ಲ, ಬೇಡವೆನಿಸಿದ ಪ್ರಶ್ನೆಗೆ ಉತ್ತರ ಹೇಳಬೇಕಿಲ್ಲ, ಯಾವಾಗ ಬೇಕಾದರೂ ಎದ್ದು ಹೋಗಬಹುದು. ಈ ಸಾಲುಗಳನ್ನು ಬರೆದವಳೂ ನಾನೇ. ಓದು ಬಾರದವರು ಕೆಳಗೆ ಎಡಗೈ ಹೆಬ್ಬೆಟ್ಟು ಒತ್ತಬೇಕು. ಫುರ್ಕಾನ್ ಮಸಿಯ ಡಬ್ಬಿ ತೆರೆದು ಮುಂದಿಟ್ಟ.

ಅವಳು ಸೆರಗಿನೊಳಗಿಂದ ಎಡಗೈ ತೆಗೆದಳು. ಹೆಬ್ಬೆಟ್ಟು ಇರಲಿಲ್ಲ. ಬುಡದಿಂದಲೇ ಇರಲಿಲ್ಲ. ಅಲ್ಲಿ ನುಣ್ಣಗೆ, ಗುಲಾಬಿ ಬಣ್ಣದ ಚರ್ಮ ಬೆಳೆದಿತ್ತು, ಪಕ್ಕದ ಬೆರಳು ಒಳಕ್ಕೆ ಸೊಟ್ಟಗಾಗಿತ್ತು.

"ಬಲಗೈದು ನಡೀತದೇನಪ್ಪಾ?" ಎಂದು ಅವಳು ಫುರ್ಕಾನ್‌ನನ್ನು ಕೇಳಿದಳು.

ಅವನು ನನ್ನ ಕಡೆ ನೋಡಲಿಲ್ಲ. "ನಡೀತದವ್ವಾ" ಎಂದು ಮಸಿ ಡಬ್ಬಿಯನ್ನು ಅವಳ ಬಲಕ್ಕೆ ಸರಿಸಿದ. ಹೆಸರು ಕೇಳಿದ. ಬಂಡೆಮ್ಮ, ಎಂದಳು. ನೆಲದ ಮೇಲಿನ ಒಂದು ನಾರಿನ ಎಳೆಯನ್ನು ನೋಡುತ್ತ ಕೂತೆ.

ಇಪ್ಪತ್ತೊಂದು ಪ್ರಶ್ನೆ ಕೇಳಿದೆ. ಅಷ್ಟಕ್ಕೂ ಆಕೆ ಸರಿಯಾಗಿ, ಯೋಚಿಸಿ ಉತ್ತರ ಹೇಳಿದಳು. ಕಲಿಸಿದ್ದು ಛಲೋ ಇತ್ತು, ಭಾಗಮ್ಮ ಕೆಟ್ಟಾಕಿ ಅಲ್ಲ, ನೀರಿನ ತ್ರಾಸು ಬ್ಯಾಸಗ್ಯಾಗ ಮಾತ್ರ. ಪ್ರತಿ ಉತ್ತರ ಮುಗಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು, ಮುಂದಿನದು ಅದೇ ಇರಬಹುದು ಎಂದು. ಅದಲ್ಲದ ಇನ್ನೊಂದನ್ನು ನಾನು ಕೇಳುತ್ತಿದ್ದೆ. ಎಲ್ಲ ಮುಗಿದ ಮೇಲೆ ಹಾಳೆ ಮಡಚಿದೆ.

"ಆಯ್ತೇನು?" ಎಂದಳು ಬಂಡೆಮ್ಮ.

"ಆಯ್ತ್ರಿ ಅಕ್ಕಾ."

"ಕೈದು ಕೇಳಲಿಲ್ಲಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ, ನಾನೇ ಮರೆತಿರಬೇಕು ಎಂಬಂತೆ ನೆನಪಿಸಿದಳು. "ಗುರುಲಿಂಗಪ್ಪ ಸರ್ ಹೇಳಿದ್ರು, ಕಲಬುರಗಿಯಿಂದ ಒಬ್ಬರು ಮೇಡಂ ಬರ್ತಾರ, ಅವರೇ ಎಲ್ಲಾ ಕೇಳಿ ಬರಕೋತಾರ, ಅವರ ಮುಂದ ಹೇಳು, ಅಲ್ಲಿಮಟ ಸುಮ್ಮಿರು ಅಂತ. ಏಳು ತಿಂಗಳು ಸುಮ್ಮ ಕುಂತೀನಿ ತಂಗೀ."

ಗುರುಲಿಂಗಪ್ಪನವರ ಲೆಕ್ಕ ಈಗ ತಿಳಿಯಿತು. ಅವಳಿಗೆ ನನ್ನ ಹೆಸರು ಹೇಳಿ ಬಾಯಿ ಮುಚ್ಚಿಸಿ, ನನಗೆ ಅವಳ ಹೆಸರು ಹೇಳಿ ಬಾಯಿ ಮುಚ್ಚಿಸಿದ್ದರು. ಅವಳು ಏಳು ತಿಂಗಳು ಕಾದದ್ದು ನನಗೆ. ನಾನು ಗೀಟು ಎಳೆಯಲು ಏಳು ನಿಮಿಷವೂ ತೆಗೆದುಕೊಂಡಿರಲಿಲ್ಲ.

ಆಗಲೇ ನಿಜ ಹೇಳಬಹುದಿತ್ತು. ತಪ್ಪಾಯಿತು ಎಂದಾದರೂ ಅನ್ನಬಹುದಿತ್ತು. ಅದರ ಬದಲು ನಾನು ಏನಂದೆ ಗೊತ್ತೇ?

"ಅದನ್ನ ಕಡೀಗಿ ಅಂತ ಇಟ್ಟಿದ್ದೆ ಅಕ್ಕಾ. ಈಗ ಹೇಳ್ರಿ."

ಫುರ್ಕಾನ್ ಬರೆಯುತ್ತಿದ್ದವನು ನಿಲ್ಲಿಸಿದ. ಆಮೇಲೆ ಹಾಳೆಯನ್ನು ತಿರುಗಿಸಿ, ಹಿಂಭಾಗದ ಖಾಲಿ ಜಾಗದಲ್ಲಿ ಬರೆಯಲು ಶುರುಮಾಡಿದ.

ಬಂಡೆಮ್ಮ ಹೇಳಿದಳು. ಯಂತ್ರದ ಉರುಳೆಯ ಮೇಲೆ ಒಂದು ಕಬ್ಬಿಣದ ಮುಚ್ಚಳ ಇತ್ತಂತೆ. ಅದು ಇದ್ದರೆ ಬಾಳೆಪಟ್ಟೆಯನ್ನು ಒಂದೊಂದೇ ಕೊಡಬೇಕು, ಕೆಲಸ ನಿಧಾನ. ಹೆಚ್ಚು ನಾರು ಬೇಕೆಂದು ಟ್ರಸ್ಟಿನ ಆಫೀಸಿನವರು ಮುಚ್ಚಳ ಬಿಚ್ಚಿಸಿದರು. ಮೂರನೆಯ ದಿನ ಒದ್ದೆ ಪಟ್ಟೆಯೊಂದು ಅವಳ ಕೈಗೆ ಸುತ್ತಿಕೊಂಡು ಒಳಗೆ ಎಳೆಯಿತು.

"ನಂದು ಹೋತು, ಹೋಗ್ಲಿ. ಈಗ ಅದೇ ಮಷಿನ್ ಮುಂದ ನಮ್ಮ ತಂಗಿ ಮಗಳು ಸಪ್ನಾ ನಿಂದರ್ತಾಳ. ಹತ್ತೊಂಬತ್ತರಾಕಿ. ನಾ ಬ್ಯಾಡಂದ್ರ ಕೇಳಂಗಿಲ್ಲ. ಮುಚ್ಚಳ ಇನ್ನಾ ಹಚ್ಚಿಲ್ಲ. ಅಗೋ, ಅಲ್ಲೇ ಬಿದ್ದದ ನೋಡ್ರಿ."

ಅವಳು ತೋರಿಸಿದ ಕಡೆ ನೋಡಿದೆ. ಅದರ ಮೇಲೆ ನನ್ನ ಬ್ಯಾಗಿತ್ತು.

ಹೆಸರು ಬರೆಯಬೇಕೋ ಬೇಡವೋ ಎಂದು ಕೇಳಿದಾಗ ಆಕೆ ನಕ್ಕಳು. "ಹಾಕ್ರಿ. ಹೆಸರು ಮುಚ್ಚಿಟ್ರ ಕೈ ಮುಚ್ಚಿಡಾಕ ಬರ್ತದೇನು?" ಹೊರಡುವಾಗ ಬಾಗಿಲ ತನಕ ಬಂದು, "ಇದು ಸಾಹುಕಾರ್ರ ತನಕ ಹೋಗ್ತದಲ್ಲ ತಂಗೀ?" ಎಂದಳು. ಹೋಗ್ತದ, ಎಂದೆ.

ವಾಪಸು ಬರುವಾಗ ಜೀಪಿನಲ್ಲಿ ಫುರ್ಕಾನ್ ಒಂದೇ ಮಾತು ಆಡಿದ. "ಡಬಲ್ ಇರ್ಲಿಲ್ಲ ಮೇಡಂ." ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಎರಡು ದಿನ ನಾನು ಆ ಹಾಳೆಯ ಹತ್ತಿರ ಸುಳಿಯಲಿಲ್ಲ. ಪಟ್ಟಿಯಲ್ಲಿ ಇಲ್ಲದವಳು, ಪ್ಲ್ಯಾನಿನಲ್ಲಿ ಇಲ್ಲದ ಪ್ರಶ್ನೆ. ವರದಿಯಲ್ಲಿ ಸೇರಿಸಿದರೆ ಪದ್ಧತಿ ತಪ್ಪುತ್ತದೆ ಎಂಬ ವಾದವೂ ನನ್ನ ತಲೆಯಲ್ಲಿ ಸಿದ್ಧವಾಗಿತ್ತು. ಮೂರನೆಯ ದಿನ ಫುರ್ಕಾನ್ ಬಂಡೆಮ್ಮನ ಮಾತನ್ನು ಪೂರ್ತಿ ಟೈಪು ಮಾಡಿ ತಂದು ನನ್ನ ಮೇಜಿನ ಮೇಲಿಟ್ಟ. "ಇದು ಎಲ್ಲಿ ಹಾಕ್ಲಿ ಹೇಳ್ರಿ" ಎಂದು ನಿಂತೇ ಇದ್ದ. ಹಾಕಬೇಡ ಎಂದು ಅವನ ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ. ಮೊದಲ ಪುಟದಲ್ಲಿ ಹಾಕು, ಎಂದೆ. ನಾನು ಒಳ್ಳೆಯವಳಂತೆ ಕಾಣುವ ಜಾಗಗಳಲ್ಲಿ ಇದೊಂದು. ಆ ಧೈರ್ಯ ಫುರ್ಕಾನ್‌ನದು.

ಟ್ರಸ್ಟಿನ ಸಭೆಯಲ್ಲಿ ಅಣವೀರಪ್ಪ ಸಾಹುಕಾರರು ಕನ್ನಡಕ ಮೂಗಿನ ತುದಿಗೆ ತಂದುಕೊಂಡು ಆ ಪುಟವನ್ನು ಎರಡು ಸಲ ಓದಿದರು. ಅವರಿಗೆ ಬೆರಳು ಹೋದ ಸುದ್ದಿಯೇ ತಿಳಿದಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು.

"ಈ ಪ್ರಶ್ನಿ ನಿಮ್ಮ ಪ್ಲ್ಯಾನಿನ್ಯಾಗ ಇರ್ಲಿಲ್ಲಲ್ಲ ಮೇಡಂ?"

ಗುರುಲಿಂಗಪ್ಪನವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಅವರು ಬಾಯಿ ಬಿಟ್ಟರೆ ನಾನು ಗೀಟು ಎಳೆದದ್ದು ಹೊರಬರುತ್ತದೆ, ನಾನು ಬಾಯಿ ಬಿಟ್ಟರೆ ಅವರು ಎಳೆಸಿದ್ದು. ಇಷ್ಟು ವರ್ಷದಲ್ಲಿ ಯಾರ ಜೊತೆಗೂ ನನಗೆ ಅಷ್ಟು ಬೇಗ ಒಪ್ಪಂದವಾಗಿದ್ದಿಲ್ಲ.

"ಇರ್ಲಿಲ್ರಿ" ಎಂದೆ. "ಊರಿಗಿ ಹೋದಮ್ಯಾಲ ಗೊತ್ತಾಯ್ತು. ಅದಕ್ಕ ಕೇಳಿದೆ."

"ಖರೆ ಅದರಿ" ಎಂದರು ಗುರುಲಿಂಗಪ್ಪನವರು, ಮುಂದಿದ್ದ ನೀರಿನ ಲೋಟ ಸರಿಸುತ್ತ. "ಮೇಡಂ ಭಾಳ ಸೂಕ್ಷ್ಮ ನೋಡ್ತಾರ."

ಸಾಹುಕಾರರು ಅಲ್ಲಿಯೇ ಹುಕುಂ ಮಾಡಿದರು. ಮುಚ್ಚಳ ಕೂರಿಸುವ ತನಕ ಕಮಲಾಪುರದ ಯಂತ್ರ ತಿರುಗಬಾರದು, ಶರಣಸಿರಸಗಿಯಲ್ಲಿ ಮುಚ್ಚಳವಿಲ್ಲದ ಯಂತ್ರ ಇಳಿಸಲೇಬಾರದು, ಬಂಡೆಮ್ಮನನ್ನು ನಾವೇ ಹೋಗಿ ನೋಡುತ್ತೇವೆ. ಆಮೇಲೆ ಉಳಿದ ಸದಸ್ಯರ ಕಡೆ ತಿರುಗಿದರು. "ಕೇಳ್ರಿ ಅಂತ ಯಾರೂ ಹೇಳಿರ್ಲಿಲ್ಲ, ಆದ್ರೂ ಕೇಳ್ಯಾರ. ಇದಕ್ಕ ಅಂತಾರ ನಿಯತ್ತು." ಎಲ್ಲರೂ ತಲೆದೂಗಿದರು. ಒಬ್ಬರು ಚಪ್ಪಾಳೆ ತಟ್ಟಿದರು, ಮಿಕ್ಕವರೂ ಸೇರಿಕೊಂಡರು. ನಾನು ಎದ್ದು ನಿಂತು ಕೈ ಮುಗಿದೆ. ನಿಜಕ್ಕೂ ಕೈ ಮುಗಿದೆ, ನಾಚಿಕೆಗೆಟ್ಟವಳು.

ಮೆಟ್ಟಿಲಿಳಿಯುವಾಗ ಫುರ್ಕಾನ್, "ಮುಬಾರಕ್ ಮೇಡಂ" ಎಂದ. ಅವನು ವ್ಯಂಗ್ಯ ಮಾಡುವ ಮನುಷ್ಯನಲ್ಲ. ವ್ಯಂಗ್ಯ ಮಾಡಿದ್ದರೆ ತಿರುಗಿ ಬೈದಾದರೂ ಹಗುರಾಗುತ್ತಿದ್ದೆ.

ಹದಿನೈದು ದಿನ ಬಿಟ್ಟು ನಾನೊಬ್ಬಳೇ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಮುಚ್ಚಳ ಕೂರಿಸಿದ್ದಾರೋ ಇಲ್ಲವೋ ಕಣ್ಣಾರೆ ನೋಡಬೇಕು ಎಂಬುದು ನೆಪ. ಕೂರಿಸಿದ್ದರು, ಬೋಲ್ಟು ಬಿಗಿದು ಹಳದಿ ಬಣ್ಣವನ್ನೂ ಹಚ್ಚಿದ್ದರು. ಅಷ್ಟು ನೋಡಿ ತಿರುಗಿ ಬರಬಹುದಿತ್ತು. ಕಾಲು ಬಂಡೆಮ್ಮನ ಓಣಿಯ ಕಡೆ ನಡೆಯಿತು.

ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಪಟ. ಕೆಲಸ ಮುಗಿಸಿ ಬಂದಿದ್ದ ಸಪ್ನಾ ಹಿಟ್ಟು ನಾದುತ್ತಿದ್ದಳು, ಎರಡೂ ಕೈ ಮೊಣಕೈ ತನಕ ಬೆಳ್ಳಗಿದ್ದವು. ಬಂಡೆಮ್ಮ ನನ್ನನ್ನು ನೋಡಿದ್ದೇ ಚಾಪೆ ಹಾಸಿದಳು. ಹೊರಗೆ ಹೋಗಿ ಎದುರು ಮನೆಯವಳನ್ನೂ ಕರೆದು ತಂದಳು.

"ನೋಡ, ಇವರೇ. ನನ್ನ ಕೈ ಕೇಳಿದ ಮೇಡಂ ಇವರೇ."

ಎದುರು ಮನೆಯವಳು ನನ್ನನ್ನು ತಲೆಯಿಂದ ಕಾಲಿನ ತನಕ ಪ್ರೀತಿಯಿಂದ ನೋಡಿ, "ಪುಣ್ಯಾ ಬರ್ತದ ಬಿಡ್ರಿ ನಿಮಗ" ಎಂದು ಹೋದಳು. ಬಂಡೆಮ್ಮ ನನ್ನ ಮುಂದೆ ಕೂತಳು. ಸ್ವಲ್ಪ ಅನುಮಾನಿಸಿ ಕೇಳಿದಳು, "ನಮ್ಮ ಮನ್ಯಾಗ ಚಾ ಕುಡೀತೀ ಏನು ತಂಗೀ?"

ಆ ಪ್ರಶ್ನೆ ನನಗೆ ಅರ್ಥವಾಯಿತು. ನಮ್ಮಂಥ ಮನೆಗಳವರನ್ನು ಅವರ ಓಣಿಯಲ್ಲಿ ಹಾಗೆ ಕೇಳಿಯೇ ಒಲೆ ಹಚ್ಚುತ್ತಾರೆ.

"ಕುಡೀತೀನಿ ಅಕ್ಕಾ."

"ಸಪ್ನಾ, ಮೇಡಂಗ ಚಾ ಇಡವ್ವಾ, ಹಸಿಶುಂಠಿ ಹಾಕಿ ಇಡು." ಅವಳ ಮುಖ ಅರಳಿತ್ತು. "ಏಳು ತಿಂಗಳಾಗ ಎಷ್ಟ ಮಂದಿ ಬಂದು ಹೋದ್ರು ತಂಗೀ. ಎಲ್ಲಾರೂ ಕೈ ನೋಡಿದ್ರು. ಯಾರೂ ಕೇಳಲಿಲ್ಲ. ನೀ ಒಬ್ಬಾಕಿ ಕೇಳ್ದಿ."

ಚಪ್ಪಾಳೆಯನ್ನು ಹೊಟ್ಟೆಗೆ ಹಾಕಿಕೊಂಡಿದ್ದೆ. ಇದನ್ನು ಹಾಕಿಕೊಳ್ಳಲಾಗಲಿಲ್ಲ. ಅವಳಿಗೆ ನಿಜ ತಿಳಿಯಲಿ ಎಂದು ನಾನು ಬಾಯಿ ಬಿಟ್ಟೆನೋ ನನ್ನ ಎದೆಯ ಭಾರ ಇಳಿಯಲಿ ಎಂದು ಬಿಟ್ಟೆನೋ ಎಂದು ಕೇಳಿದರೆ, ಎರಡನೆಯದೇ. ಅದನ್ನೂ ಒಪ್ಪಿಕೊಳ್ಳುತ್ತೇನೆ.

"ನಾ ಕೇಳಲಿಲ್ಲ ಅಕ್ಕಾ. ನೀವು ನೆಪ್ಪ ಮಾಡಿದ್ರಿ. ಆ ಪ್ರಶ್ನಿ ಮೊದಲ ಇತ್ತು. ಗುರುಲಿಂಗಪ್ಪನವರು ಬ್ಯಾಡಂದ್ರು. ನಾನೇ ನನ್ನ ಕೈಯ್ಯಾರ ಹೊಡದ ಹಾಕಿದೆ. ಕಡೀಗಿ ಅಂತ ಇಟ್ಟಿದ್ದೆ ಅಂದದ್ದು ಸುಳ್ಳು."

ಒಳಗೆ ಸ್ಟವ್ ಹತ್ತಿಕೊಂಡ ಸದ್ದು ಕೇಳಿಸಿತು. ಬಂಡೆಮ್ಮ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನನಗ ಹಿಂಗಾಗ್ಯಾದಂತ ಆಗ ಗೊತ್ತಿತ್ತೇನು?"

"ಗೊತ್ತಿತ್ತು. ನಿಮ್ಮ ಹೆಸರೂ ಗೊತ್ತಿತ್ತು."

"ನಾ ಅವತ್ತ ಬಂದು ಕುಂದ್ರದಿದ್ರ?"

ಇಷ್ಟು ನೇರವಾದ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ನಾನು ಯಾರಿಗೂ ಕೇಳಿರಲಿಲ್ಲ.

"ವರದಿಯೊಳಗ ಬರ್ತಿರ್ಲಿಲ್ಲ" ಎಂದೆ. "ಮಷಿನ್ ಹಂಗೇ ನಡೀತಿತ್ತು."

ಅವಳು ತಲೆಯಾಡಿಸಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿ ಎಂದು ಬಯಸಿದೆ. ಅವಳು ಒಳಗಿನ ಕೋಣೆಯ ಕಡೆ ತಿರುಗಿ, ಮೊದಲಿನಷ್ಟೇ ಮೆತ್ತಗೆ ಕರೆದಳು.

"ಸಪ್ನಾ, ಚಾ ಬ್ಯಾಡವ್ವಾ, ಇಳಸು. ಮೇಡಂ ಅವರಿಗಿ ಬಸ್ಸಿಗಿ ಹೊತ್ತಾಗ್ಯಾದಂತ."

ಕಲಬುರಗಿಗೆ ಅಲ್ಲಿಂದ ಹತ್ತು ನಿಮಿಷಕ್ಕೊಂದು ಬಸ್ಸಿದೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ನಾನು ಬ್ಯಾಗು ತೆಗೆದುಕೊಂಡು ಎದ್ದೆ.